ಓದುಗರ ಪ್ರಶ್ನೆ: ಮೇಳದ ಮಳಿಗೆಯನ್ನು ಹೇಗೆ ರೂಪಿಸಬೇಕು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಘಟಕವಿದೆ. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳಲ್ಲಿ ಬಿಡಿಭಾಗಗಳನ್ನು ಬಿಗಿಹಿಡಿಯುವ ಹೈಡ್ರಾಲಿಕ್ ಫಿಕ್ಸ್ಚರ್‌ಗಳನ್ನು ತಯಾರಿಸುತ್ತೇವೆ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ಬಿಐಇಸಿ ಎಂಬ ಪ್ರದರ್ಶನ ಕೇಂದ್ರದ ಯಂತ್ರೋಪಕರಣ ಮೇಳದಲ್ಲಿ ಮೊದಲ ಬಾರಿಗೆ ಒಂದು ಚಿಕ್ಕ ಮಳಿಗೆ ಹಾಕುವ ಯೋಚನೆಯಿದೆ. ವಿನ್ಯಾಸಕಾರರೊಬ್ಬರು ಮರದ ಕಮಾನು, ದೊಡ್ಡ ಎಲ್‌ಇಡಿ ಪರದೆ, ಸೋಫಾ ಎಲ್ಲವನ್ನೂ ಸೇರಿಸಿ ಜಾಗದ ಬಾಡಿಗೆಗಿಂತ ಹೆಚ್ಚಿನ ಅಂದಾಜುಪಟ್ಟಿ ಕೊಟ್ಟಿದ್ದಾರೆ. ಇಷ್ಟೊಂದು ಖರ್ಚು ಅಗತ್ಯವೇ?

ಉತ್ತರ: ಅಗತ್ಯವಿಲ್ಲ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಮಳಿಗೆಯಲ್ಲಿ ಕಮಾನು ನಿಲ್ಲಿಸಿ ಸೋಫಾ ಹಾಕಿದ ಮೇಲೆ ಫಿಕ್ಸ್ಚರ್ ಇಡಲು ಜಾಗವೇ ಉಳಿಯುವುದಿಲ್ಲ. ವಿನ್ಯಾಸಕಾರರನ್ನು ಕಾಣುವ ಮೊದಲು ನೀವು ತೀರ್ಮಾನಿಸಬೇಕಾದದ್ದು ಒಂದೇ: ಆ ಜನಸಂದಣಿಯಲ್ಲಿ ಯಾರು ನಿಮ್ಮ ಮುಂದೆ ನಿಲ್ಲಬೇಕು? ನಿಮ್ಮ ಮಟ್ಟಿಗೆ ಅವರು ಪೀಣ್ಯದಿಂದಲೋ ಹೊಸೂರಿನಿಂದಲೋ ಬರುವ, ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಉತ್ಪಾದನಾ ಎಂಜಿನಿಯರ್ ಆಗಿರಬಹುದು. ಆ ವ್ಯಕ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಗೋಡೆಯ ಮೇಲೆ ಏನು ಬರೆಯಬೇಕು, ಮೇಜಿನ ಮೇಲೆ ಏನಿಡಬೇಕು, ಮಳಿಗೆಯಲ್ಲಿ ಯಾರು ನಿಲ್ಲಬೇಕು ಎಂಬುದೆಲ್ಲ ಒಂದೊಂದಾಗಿ ಸ್ಪಷ್ಟವಾಗುತ್ತದೆ.

ಮೊದಲು ಮೇಳದ ಆಯ್ಕೆ. ಬಿಐಇಸಿಯ ಒಡೆತನವಿರುವ ಭಾರತೀಯ ಯಂತ್ರೋಪಕರಣ ತಯಾರಕರ ಸಂಘವೇ ಅಲ್ಲಿ ಇಮ್‌ಟೆಕ್ಸ್ ಎಂಬ ಯಂತ್ರೋಪಕರಣ ಮೇಳವನ್ನು ನಡೆಸುತ್ತದೆ. ಇತ್ತೀಚಿನ ಕ್ರಮದಂತೆ 2023 ಮತ್ತು 2025ರಲ್ಲಿ ಲೋಹ ಕತ್ತರಿಸುವ ಯಂತ್ರಗಳಿಗೆ ಆದ್ಯತೆಯಿದ್ದರೆ, 2024ರಲ್ಲಿ ಲೋಹವನ್ನು ಒತ್ತಿ ಬಗ್ಗಿಸಿ ರೂಪ ಕೊಡುವ ಯಂತ್ರಗಳಿಗೆ ಆದ್ಯತೆಯಿತ್ತು. ಲೋಹ ಕತ್ತರಿಸುವ ಮಿಲ್ಲಿಂಗ್ ಯಂತ್ರದ ಮೇಲೆ ಕೂರುವ ಫಿಕ್ಸ್ಚರ್ ತಯಾರಿಸುವ ನೀವು ಎರಡನೆಯ ಬಗೆಯ ಮೇಳಕ್ಕೆ ಹೋದರೆ ಎಷ್ಟು ಚೆಂದದ ಮಳಿಗೆ ಕಟ್ಟಿದರೂ ಎದುರಿಗೆ ಹಾದುಹೋಗುವವರಲ್ಲಿ ನಿಮಗೆ ಬೇಕಾದವರು ಕಡಿಮೆಯಿರುತ್ತಾರೆ.

ಚಿಕ್ಕ ಮಳಿಗೆಗಳನ್ನು ಸಾಮಾನ್ಯವಾಗಿ ಶೆಲ್ ಸ್ಕೀಮ್ ಎಂಬ ಸಿದ್ಧ ಚೌಕಟ್ಟಿನಲ್ಲಿ ಕೊಡುತ್ತಾರೆ. ಅಲ್ಯೂಮಿನಿಯಂ ಕಂಬಗಳ ನಡುವೆ ಸುಮಾರು ಒಂದು ಮೀಟರ್ ಅಗಲದ ಹಲಗೆಗಳು, ಮುಂಭಾಗದ ನೆತ್ತಿಯಲ್ಲಿ ಸಂಸ್ಥೆಯ ಹೆಸರಿನ ಪಟ್ಟಿ, ಒಂದು ಮೇಜು, ಕುರ್ಚಿಗಳು, ಕೆಲವು ದೀಪಗಳು, ಒಂದು ಪ್ಲಗ್ ಪಾಯಿಂಟ್ ಇವು ಬಾಡಿಗೆಯಲ್ಲಿಯೇ ಸೇರಿರುತ್ತವೆ. ದಾರಿಯಲ್ಲಿ ನಡೆಯುವ ವ್ಯಕ್ತಿ ಮೂರು ಮೀಟರ್ ಅಗಲದ ಮುಂಭಾಗವನ್ನು ಮೂರು ನಾಲ್ಕು ಸೆಕೆಂಡುಗಳಲ್ಲಿ ದಾಟಿಬಿಡುತ್ತಾನೆ. ಅಷ್ಟರಲ್ಲಿ ಅವನಿಗೆ ಅಪರಿಚಿತವಾದ ನಿಮ್ಮ ಸಂಸ್ಥೆಯ ಹೆಸರಿನಿಂದಾಗಲಿ, ಸ್ಥಾಪಕರ ಭಾವಚಿತ್ರದಿಂದಾಗಲಿ ಏನೂ ತಿಳಿಯುವುದಿಲ್ಲ. ಹೆಸರು ಹೇಗೂ ನೆತ್ತಿಯ ಪಟ್ಟಿಯಲ್ಲಿರುವುದರಿಂದ ಹಿಂಗೋಡೆಯನ್ನು ಕೆಲಸ ಹೇಳುವುದಕ್ಕೆ ಮೀಸಲಿಡಿ. ‘ಎರಕದ ಬಿಡಿಭಾಗಗಳಿಗೆ ಹೈಡ್ರಾಲಿಕ್ ಫಿಕ್ಸ್ಚರ್’ ಎಂಬಷ್ಟು ಚಿಕ್ಕ ಸಾಲನ್ನು ಹತ್ತು ಸೆಂಟಿಮೀಟರ್ ಎತ್ತರದ ಅಕ್ಷರಗಳಲ್ಲಿ, ನೆಲದಿಂದ ಒಂದೂವರೆ ಮೀಟರಿಗಿಂತ ಮೇಲೆ ಬರುವಂತೆ ಮುದ್ರಿಸಿ. ಅದಕ್ಕಿಂತ ಕೆಳಗಿನ ಬರಹ ಮೇಜಿನ ಮತ್ತು ಜನರ ಮರೆಗೆ ಹೋಗುತ್ತದೆ. ಬರುವವರು ಬೇರೆ ರಾಜ್ಯಗಳವರೂ ಆಗಿರುವುದರಿಂದ ಆ ಸಾಲು ಇಂಗ್ಲಿಷಿನಲ್ಲಿಯೂ ಇರಬೇಕಾಗುತ್ತದೆ.

ಮೇಜಿನ ಮೇಲೆ ಹತ್ತು ವಸ್ತುಗಳನ್ನು ಹರಡುವ ಬದಲು ಒಂದೇ ಒಂದು ಫಿಕ್ಸ್ಚರನ್ನು ಬಿಡಿಭಾಗ ಬಿಗಿದ ಸ್ಥಿತಿಯಲ್ಲಿಯೇ ಇಡಿ. ಕೈಪಂಪಿನಿಂದ ನಡೆಯುವ ಹಾಗೆ ಅದನ್ನು ಜೋಡಿಸಿದರೆ ಬಂದವರು ತಾವೇ ಬಿಗಿದು, ಸಡಿಲಿಸಿ ನೋಡಬಹುದು. ಮೂರು ಫೇಸ್ ವಿದ್ಯುತ್ತಿಗೂ ಸಂಕುಚಿತ ಗಾಳಿಗೂ ಬೇರೆಯಾಗಿ ಹಣ ತೆರುವುದು ತಪ್ಪುತ್ತದೆ. ಎಂಜಿನಿಯರುಗಳು ನೋಡಿ ಸುಮ್ಮನಾಗುವವರಲ್ಲ, ಕೈಯಿಟ್ಟ ಮೇಲೆಯೇ ಅವರ ಪ್ರಶ್ನೆಗಳು ಹೊರಬರುವುದು. ಆದರೆ ಮೇಳದವರು ಕೊಡುವ ಹಗುರ ಮೇಜು ಅಂಥ ಭಾರವನ್ನು ತಾಳಲಾರದು. ನಿಂತು ನೋಡುವವರಿಗೆ ಅನುಕೂಲವಾಗುವಂತೆ ಸುಮಾರು ತೊಂಬತ್ತು ಸೆಂಟಿಮೀಟರ್ ಎತ್ತರದ ಉಕ್ಕಿನ ಸ್ಟ್ಯಾಂಡೊಂದನ್ನು ನಿಮ್ಮ ಕಾರ್ಖಾನೆಯಲ್ಲಿಯೇ ಬೆಸುಗೆ ಹಾಕಿಸಿ ತನ್ನಿ. ಅದನ್ನು ಪಕ್ಕದ ಗೋಡೆಗೆ ಒತ್ತಿ ನಿಲ್ಲಿಸಬೇಕು. ಮುಂಭಾಗಕ್ಕೆ ಅಡ್ಡಲಾಗಿ ಮೇಜು ಹಾಕಿ ಅದರ ಹಿಂದೆ ಕೂತರೆ ಟಿಕೆಟ್ ಕೌಂಟರಿನ ಮುಂದೆ ನಿಂತಂತೆ ಜನ ಹೊರಗೇ ನಿಲ್ಲುತ್ತಾರೆ.

ಇಲ್ಲಿ ಹಲವರು ಗಮನಿಸದ ಸಂಗತಿಯೊಂದಿದೆ. ಫಿಕ್ಸ್ಚರ್ ನಿಮ್ಮದಾದರೂ ಅದರಲ್ಲಿ ಬಿಗಿದಿರುವ ಬಿಡಿಭಾಗ ನಿಮ್ಮ ಗ್ರಾಹಕರ ವಿನ್ಯಾಸವಾಗಿರುತ್ತದೆ. ಅವರ ಲಿಖಿತ ಒಪ್ಪಿಗೆಯಿಲ್ಲದೆ ಅದನ್ನು ಪ್ರದರ್ಶಿಸಿದರೆ ಕರಾರು ಮುರಿದಂತಾಗಬಹುದು. ಅಷ್ಟೇ ಅಲ್ಲದೆ, ನಿಮ್ಮ ಬಳಿ ಬರಲಿರುವ ಹೊಸ ಗ್ರಾಹಕರಿಗೂ ತಮ್ಮ ನಕ್ಷೆ ನಾಳೆ ಇನ್ನೊಂದು ಮೇಳದಲ್ಲಿ ಕಾಣಿಸೀತೆಂಬ ಅನುಮಾನ ಹುಟ್ಟುತ್ತದೆ. ಮೇಳಕ್ಕೆಂದೇ ಒಂದು ಮಾದರಿ ಎರಕವನ್ನು ಮಾಡಿಸಿಕೊಳ್ಳುವುದು ಬೆಳಗಾವಿಯಂಥ ಫೌಂಡ್ರಿಗಳ ಊರಿನಲ್ಲಿ ಕಷ್ಟವಾಗಲಾರದು.

ಕಮಾನಿಗೆಂದು ಇಟ್ಟ ಹಣದಲ್ಲಿ ಒಂದಿಷ್ಟನ್ನು ಬೆಳಕಿಗೆ ಕೊಡಿ. ಉಜ್ಜಿದ ಲೋಹದ ಮೇಲೆ ಸ್ಪಾಟ್‌ಲೈಟ್ ನೇರವಾಗಿ ಬಿದ್ದರೆ ಕಣ್ಣು ಕುಕ್ಕುವುದರಿಂದ ದೀಪವನ್ನು ಓರೆಯಾಗಿ ತಿರುಗಿಸಿ, ಸುಮಾರು 4000 ಕೆಲ್ವಿನ್‌ನ ಬಿಳಿ ಬೆಳಕನ್ನು ಆರಿಸಿ. ಪರದೆ ಬೇಕೆನಿಸಿದರೆ ಸಾಧಾರಣ ಟಿವಿಯೊಂದು ಸಾಕು. ಫಿಕ್ಸ್ಚರ್ ಯಂತ್ರದಲ್ಲಿ ಕೆಲಸ ಮಾಡುವ ಒಂದು ನಿಮಿಷದ ಚಿತ್ರಣವನ್ನು ಶಬ್ದವಿಲ್ಲದೆ ಮರುಮರಳಿ ಓಡಿಸಿ. ವಿದ್ಯುತ್ತು, ಹೆಚ್ಚುವರಿ ದೀಪ, ಸರಕು ಇಳಿಸುವ ಫೋರ್ಕ್‌ಲಿಫ್ಟ್ ಇವುಗಳಿಗೆಲ್ಲ ಪ್ರದರ್ಶಕರ ಕೈಪಿಡಿಯಲ್ಲಿ ಬೇರೆ ಬೇರೆ ಅರ್ಜಿಗಳೂ ಕೊನೆಯ ದಿನಾಂಕಗಳೂ ಇರುತ್ತವೆ. ಕೈಪಿಡಿ ಬಂದ ದಿನವೇ ಅವನ್ನು ಗುರುತು ಹಾಕಿಕೊಳ್ಳಿ, ಏಕೆಂದರೆ ತಡವಾದ ಕೋರಿಕೆಗೆ ಹೆಚ್ಚಿನ ದರ ವಿಧಿಸುವುದು ಸಾಮಾನ್ಯ.

ಮಳಿಗೆಯಲ್ಲಿ ಒಮ್ಮೆಗೆ ಇಬ್ಬರು ಸಾಕು. ಅವರಲ್ಲೊಬ್ಬರು ಗ್ರಾಹಕರ ನಕ್ಷೆ ನೋಡಿ ‘ಇದು ಆಗುತ್ತದೆ, ಇದು ಆಗುವುದಿಲ್ಲ’ ಎಂದು ಅಲ್ಲಿಯೇ ಹೇಳಬಲ್ಲವರಾಗಿರಲಿ. ಮಾಲೀಕರು ಉದ್ಘಾಟನೆಯ ದಿನ ಮಾತ್ರ ಬಂದು, ಉಳಿದ ದಿನಗಳನ್ನು ಹೊಸ ಹುಡುಗರಿಗೆ ಬಿಟ್ಟುಹೋಗುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಇನ್ನು ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದ್ದರೆ ಕೇಂದ್ರದ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ) ಸಚಿವಾಲಯದ ಖರೀದಿ ಮತ್ತು ಮಾರುಕಟ್ಟೆ ಬೆಂಬಲ ಯೋಜನೆಯಲ್ಲಿ ಮಳಿಗೆ ಬಾಡಿಗೆಯ ಒಂದು ಭಾಗ ಮರಳಿ ಸಿಗುವ ಅವಕಾಶವಿದೆ. ನೀವು ಆರಿಸಿದ ಮೇಳಕ್ಕೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ವಿಚಾರಿಸಿ.

ಪ್ರಶ್ನೆ: ನಾವು ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳನ್ನು ಮಾಡುವ ಕುಟುಂಬದವರು. ಊರಿನ ಜಾತ್ರೆ, ಸಂತೆಮೇಳಗಳಲ್ಲಿ ವ್ಯಾಪಾರ ಚೆನ್ನಾಗಿ ಆಗುತ್ತದೆ. ದೆಹಲಿಯ ಕರಕುಶಲ ರಫ್ತು ಮೇಳಕ್ಕೆ ಹೋಗುವುದಾದರೆ ಮಳಿಗೆಯನ್ನು ಬೇರೆ ರೀತಿಯಲ್ಲಿ ಜೋಡಿಸಬೇಕೇ?

ಉತ್ತರ: ಖಂಡಿತ ಬೇಕು. ದೆಹಲಿಯ ಪಕ್ಕದ ಗ್ರೇಟರ್ ನೊಯ್ಡಾದಲ್ಲಿ ನಡೆಯುವ ಆ ಮೇಳ ಸಗಟು ಖರೀದಿದಾರರಿಗಾಗಿ ಇರುವುದು. ಅಲ್ಲಿ ಬಿಡಿ ಮಾರಾಟದ ವ್ಯಾಪಾರ ನಡೆಯುವುದಿಲ್ಲ. ಜಾತ್ರೆಯಲ್ಲಿ ರಾಶಿ ಹಾಕಿದಷ್ಟೂ ಗಿರಾಕಿಗಳು ಸೇರುತ್ತಾರೆ, ಅಲ್ಲಿ ರಾಶಿ ಕಂಡರೆ ಖರೀದಿದಾರರು ಮುಂದೆ ಸಾಗುತ್ತಾರೆ. ಒಂದೊಂದು ಬಗೆಯಲ್ಲಿ ಒಂದೇ ಗೊಂಬೆಯನ್ನು ಕಪಾಟಿನ ಮೇಲೆ ಬಿಡಿಬಿಡಿಯಾಗಿಟ್ಟು, ಪ್ರತಿಯೊಂದಕ್ಕೂ ಸಂಕೇತ ಸಂಖ್ಯೆ, ಅಳತೆ, ಕನಿಷ್ಠ ಆರ್ಡರ್ ಪ್ರಮಾಣ ಬರೆದ ಚೀಟಿ ಅಂಟಿಸಿ. ಬೆಲೆಪಟ್ಟಿ ಕೈಯಲ್ಲಿರಲಿ.

ಅರಗಿನ ಬಣ್ಣಗಳಿಗೆ ಸುಮಾರು 3000 ಕೆಲ್ವಿನ್‌ನ ಹಳದಿ ಛಾಯೆಯ ಬೆಳಕು ಒಪ್ಪುತ್ತದೆ. ಹಿನ್ನೆಲೆ ತಿಳಿಬಣ್ಣದ್ದಾಗಿರಲಿ, ಗೊಂಬೆಗಳಿಗಿಂತ ಗಾಢವಾದ ಗೋಡೆ ಅವುಗಳ ಹೊಳಪನ್ನು ನುಂಗುತ್ತದೆ. ಕಡೆಯದ ಆಲೆಮರದ ತುಂಡು, ಅರಗಿನ ಕಡ್ಡಿ, ಹೊಳಪು ಕೊಡುವ ತಾಳೆಗರಿ, ಮುಗಿದ ಗೊಂಬೆ ಇವನ್ನು ಸಾಲಾಗಿ ಇಟ್ಟರೆ ಉದ್ದನೆಯ ವಿವರಣೆ ಬೇಕಾಗುವುದಿಲ್ಲ. ಆಟಿಕೆ ಸುರಕ್ಷಿತವೇ ಎಂದು ತಿಳಿಯಲು ಯುರೋಪಿನವರು ಇಎನ್ 71, ಅಮೆರಿಕದವರು ಎಎಸ್‌ಟಿಎಂ ಎಫ್963 ಎಂಬ ಮಾನದಂಡದ ಪರೀಕ್ಷೆಯ ವರದಿಯನ್ನು ಕೇಳುತ್ತಾರೆ. ನಮ್ಮ ದೇಶದ ಆಟಿಕೆ ಗುಣಮಟ್ಟದ ಆದೇಶದಲ್ಲಿ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿಯಿದ್ದರೂ ವಿದೇಶಿ ಖರೀದಿದಾರರಿಗೆ ಅದು ಉತ್ತರವಾಗಲಾರದು. ಆದ್ದರಿಂದ ಹಣ ಕಡಿಮೆಯಿದ್ದರೆ ಅಲಂಕಾರಕ್ಕಿಂತ ಮೊದಲು ಆ ಪರೀಕ್ಷೆಗೆ ಖರ್ಚು ಮಾಡಿ.

ಪ್ರಶ್ನೆ: ಮಳಿಗೆಗೆ ಬಂದವರಿಗೆಲ್ಲ ಕ್ಯಾಟಲಾಗ್ ಮತ್ತು ಉಡುಗೊರೆ ಕೊಡಬೇಕೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಉಡುಗೊರೆ ಬೇಡ; ಚೀಲ ತುಂಬಿಸಿಕೊಳ್ಳಲು ಬರುವವರು ಹೆಚ್ಚಾಗಿ, ನಿಜವಾದ ಖರೀದಿದಾರರಿಗೆ ನಿಲ್ಲಲು ಜಾಗವಿರುವುದಿಲ್ಲ. ದಾರಿಯಲ್ಲಿ ಹೋಗುವವರಿಗೆ ಒಂದು ಹಾಳೆಯ ಕರಪತ್ರ ಸಾಕು. ಪೂರ್ಣ ಕ್ಯಾಟಲಾಗನ್ನು ಮಾತನಾಡಿದವರಿಗೆ ಮೇಳ ಮುಗಿದ ಮೇಲೆ ಕಳುಹಿಸಿ, ಅದೇ ನೆಪದಲ್ಲಿ ಇನ್ನೊಮ್ಮೆ ಸಂಪರ್ಕವಾಗುತ್ತದೆ. ಅದಕ್ಕಾಗಿ ವಿಸಿಟಿಂಗ್ ಕಾರ್ಡನ್ನು ಡಬ್ಬಿಗೆ ಹಾಕಿಸಿಕೊಳ್ಳದೆ ನೋಟ್‌ಬುಕ್ಕಿನ ಪುಟಕ್ಕೆ ಪಿನ್ ಮಾಡಿ, ಅವರು ಏನು ಕೇಳಿದರು, ಎಷ್ಟು ಬೇಕೆಂದರು, ಯಾವಾಗ ಬೇಕೆಂದರು ಎಂಬುದನ್ನು ಅವರು ಮಳಿಗೆ ದಾಟುವ ಮೊದಲೇ ಪಕ್ಕದಲ್ಲಿ ಬರೆಯಿರಿ. ಕೊಟೇಶನ್ ಕೇಳಿದವರಿಗೆ ಒಂದು ವಾರದೊಳಗೆ ಅದು ತಲುಪಬೇಕು. ಹಾಗಾಗಿ ಮೇಳದ ದಿನಗಳಲ್ಲಿಯೇ ಪ್ರತಿ ಸಂಜೆ ಆ ಪುಟಗಳ ಚಿತ್ರ ತೆಗೆದು ಊರಿನಲ್ಲಿರುವ ಕಚೇರಿಗೆ ಕಳುಹಿಸಿದರೆ, ನೀವು ಮರಳುವಷ್ಟರಲ್ಲಿ ಅಂದಾಜು ಹಾಕುವ ಕೆಲಸ ಅರ್ಧ ಮುಗಿದಿರುತ್ತದೆ.