ಡಲ್ಲಾಸ್‌ನಲ್ಲಿ ಮನೆ ಹುಡುಕಲು ಬಡತನದ ನಕ್ಷೆ ಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಆಫೀಸು ಇರ್ವಿಂಗ್‌ನಲ್ಲಿ, ಮಕ್ಕಳಿಬ್ಬರು ಶಾಲೆಗೆ ಹೋಗುವವರು, ಟೆಕ್ಸಸ್‌ನ ಮಕ್ಕಳ ಬಡತನದ ನಕ್ಷೆಯಲ್ಲಿ ಡಲ್ಲಾಸ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಗಾಢ ಬಣ್ಣದಲ್ಲಿದೆ, ಅಂದರೆ ಬಡತನ ಜಾಸ್ತಿ, ಹಾಗಾಗಿ ದೂರವಾದರೂ ಪಕ್ಕದ ಕಾಲಿನ್ ಕೌಂಟಿಯಲ್ಲೇ ಮನೆ ಮಾಡಬೇಕಾ ಅಂತ ಕೇಳಿದ್ದೀರಿ. ಆ ಒಂದೇ ಕಾರಣಕ್ಕಾದರೆ ಬೇಡ.

ಟೆಕ್ಸಸ್‌ನಲ್ಲಿ 254 ಕೌಂಟಿಗಳಿವೆ. ಇಡೀ ರಾಜ್ಯದಲ್ಲಿ ಹೆಚ್ಚುಕಡಿಮೆ ಐದು ಮಕ್ಕಳಲ್ಲಿ ಒಂದು ಬಡ ಮಗು ಅನ್ನುತ್ತಾರೆ, ಆದರೆ ಅದು ಬೆಂಗಳೂರು, ಯಾದಗಿರಿ ಎರಡನ್ನೂ ಕೂಡಿಸಿ ಸರಾಸರಿ ತೆಗೆದ ಹಾಗೆ. ಫ್ರಿಸ್ಕೊ, ಪ್ಲೇನೊ ಇರುವ ಕಾಲಿನ್‌ನಲ್ಲಿ ನೂರಕ್ಕೆ ಹತ್ತೂ ಇಲ್ಲ. ಮೆಕ್ಸಿಕೊ ಗಡಿಯ ಹಿಡಾಲ್ಗೊ, ಸ್ಟಾರ್ ಕೌಂಟಿಗಳಲ್ಲಿ ಮೂರಕ್ಕೆ ಒಂದಕ್ಕಿಂತ ಜಾಸ್ತಿ. ಅಲ್ಲಿ ಕೊಲೋನಿಯಾ ಅನ್ನುವ ಬಡಾವಣೆಗಳಿವೆ. ಕಡಿಮೆ ದುಡ್ಡಿಗೆ, ಕಂತಿನ ಮೇಲೆ ಸೈಟು ಮಾರಿದರು, ನೀರಿನ ಪೈಪು ಒಳಚರಂಡಿ ಮಾತ್ರ ಹಾಕಲಿಲ್ಲ, ಎಷ್ಟೋ ಕಡೆ ಇವತ್ತಿಗೂ ಸರಿಹೋಗಿಲ್ಲ. ಹೌದು, ಅಮೆರಿಕದಲ್ಲೇ.

ಇಲ್ಲಿ ಬಡವರೆಂದರೆ ಕೆಲಸ ಮಾಡದವರು ಅಂದುಕೊಳ್ಳಬೇಡಿ. ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಅಲ್ಲೇ ನಿಂತಿದೆ, ಟೆಕ್ಸಸ್ ಅದರ ಮೇಲೆ ಒಂದು ಸೆಂಟೂ ಸೇರಿಸಿಲ್ಲ. ವಾರಕ್ಕೆ 40 ಗಂಟೆಯಂತೆ ವರ್ಷಪೂರ್ತಿ ದುಡಿದರೆ ಸಿಗುವುದು 15,080 ಡಾಲರ್. ನಾಲ್ವರ ಕುಟುಂಬಕ್ಕೆ ಸರ್ಕಾರಿ ನೆರವಿಗೆಂದು 2025ರಲ್ಲಿ ಎಳೆದ ಬಡತನದ ಗೆರೆ ವರ್ಷಕ್ಕೆ 32,150 ಡಾಲರ್. ಗಡಿಯ ಊರಿಗೂ ಅದೇ, ಫ್ರಿಸ್ಕೊಗೂ ಅದೇ! ಬಾಡಿಗೆ ಮಾತ್ರ ಬೇರೆ ಬೇರೆ. ಕಾಲಿನ್‌ನಲ್ಲಿ ಬಡತನ ಕಡಿಮೆ ಅನ್ನುವುದಕ್ಕಿಂತ, ಬಡವರಿಗೆ ಅಲ್ಲಿ ಬಾಡಿಗೆ ಕಟ್ಟಿ ಬದುಕಲು ಆಗುವುದಿಲ್ಲ ಅನ್ನಿ.

ಬಡತನ ಇಳಿಸುವುದು ಯಾರ ಕೈಯಲ್ಲೂ ಇಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. 2021ರಲ್ಲಿ ಮಕ್ಕಳಿರುವ ಕುಟುಂಬಗಳಿಗೆ ಕೊಡುವ ತೆರಿಗೆ ರಿಯಾಯಿತಿ ಹೆಚ್ಚಿಸಿ, ಅದರಲ್ಲಿ ಒಂದು ಭಾಗವನ್ನು ತಿಂಗಳು ತಿಂಗಳು ಅಪ್ಪ ಅಮ್ಮಂದಿರ ಖಾತೆಗೆ ಹಾಕಿದರು. ಸರ್ಕಾರಿ ನೆರವನ್ನೂ ಲೆಕ್ಕಕ್ಕೆ ಹಿಡಿಯುವ ಅಳತೆಯಲ್ಲಿ ದೇಶದ ಮಕ್ಕಳ ಬಡತನ ಶೇ. 5.2ಕ್ಕೆ ಇಳಿಯಿತು. ಆಮೇಲೆ ಅದನ್ನು ನಿಲ್ಲಿಸಿದರು. 2022ರಲ್ಲಿ ಶೇ. 12.4.

ಇನ್ನು ನಿಮ್ಮ ಮನೆಯ ವಿಷಯ. ಶಾಲೆ ಕೌಂಟಿಯನ್ನು ನೋಡಿ ಸಿಗುವುದಿಲ್ಲ, ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ, ನೋಡಿ ಸಿಗುತ್ತದೆ, ಅದರ ಗಡಿಯೇ ಬೇರೆ. ನಮ್ಮವರು ಮುಗಿಬೀಳುವ ಕಾಪೆಲ್ ಊರು ಬಹುಪಾಲು ಇರುವುದು ನೀವು ಹೆದರುತ್ತಿರುವ ಡಲ್ಲಾಸ್ ಕೌಂಟಿಯಲ್ಲೇ. ನಿಮ್ಮ ಆಫೀಸಿನ ಊರಾದ ಇರ್ವಿಂಗ್‌ನಲ್ಲೂ ವ್ಯಾಲಿ ರಾಂಚ್ ಕಡೆ ಕೆಲವು ಮನೆಗಳು ಕಾಪೆಲ್ ಡಿಸ್ಟ್ರಿಕ್ಟ್‌ಗೆ ಸೇರುತ್ತವೆ, ಸ್ವಲ್ಪ ಆಚೆಗಿನವು ಸೇರುವುದಿಲ್ಲ. ಉಚಿತ ಊಟ ಪಡೆಯುವ ಬಡ ಮಕ್ಕಳು ಜಾಸ್ತಿ ಇರುವ ಶಾಲೆ ಕೆಟ್ಟದ್ದು ಅಂತ ವಾಟ್ಸಾಪ್ ಗುಂಪುಗಳಲ್ಲಿ ಸುಮ್ನೆ ಹೆದರಿಸುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಹೋಗಿ ಶಾಲೆ ನೋಡಿ, ಟೀಚರ್ ಹತ್ತಿರ ಮಾತಾಡಿ. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಮನೆಯ ಪೂರ್ತಿ ವಿಳಾಸವನ್ನು ಡಿಸ್ಟ್ರಿಕ್ಟ್‌ನ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಏಜೆಂಟ್ ಬಾಯಿಮಾತು ನಂಬಬೇಡಿ. ಶಾಲೆ ಆಗಸ್ಟ್ ಮಧ್ಯದಲ್ಲೇ ಶುರುವಾಗುತ್ತದೆ, ಮಕ್ಕಳ ಲಸಿಕೆ ದಾಖಲೆ ಮರೆಯದೆ ತನ್ನಿ.