ಕಂಪನಿ ಕಳಿಸಿದ ಕಾಗದಕ್ಕೆ ಸಹಿ ಹಾಕುವ ಮುಂಚೆ

ಪ್ರಶ್ನೆ: ಅಕ್ಕಾ, ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಮಂಡಕ್ಕಿ ಭಟ್ಟಿ ಇದೆ. ಅಪ್ಪನ ಕಾಲದ್ದು. ಒಂಬತ್ತು ಜನ ಕೆಲಸಕ್ಕೆ ಬರುತ್ತಾರೆ. ಎರಡು ವರ್ಷದಿಂದ ಬೆಂಗಳೂರಿನ ಒಂದು ತಿಂಡಿ ಕಂಪನಿಗೆ ಮಂಡಕ್ಕಿ ಕೊಡುತ್ತಿದ್ದೇವೆ. ಈಗ ಅವರು ಹದಿನಾಲ್ಕು ಪುಟದ ‘ಸಪ್ಲೈಯರ್ ಕೋಡ್ ಆಫ್ ಕಂಡಕ್ಟ್’ (ಸರಕು ಕೊಡುವವರು ಪಾಲಿಸಬೇಕಾದ ನಡತೆಯ ನಿಯಮಗಳು) ಕಳಿಸಿದ್ದಾರೆ. ಹದಿನೈದು ದಿನದಲ್ಲಿ ಸಹಿ ಹಾಕಿ ವಾಪಸ್ ಕಳಿಸಬೇಕಂತೆ. ಎಲ್ಲಾ ಇಂಗ್ಲಿಷ್. ಮಗಳು ಓದಿ ಹೇಳಿದಳು. ಬಾಲಕಾರ್ಮಿಕರು, ಬಲವಂತದ ದುಡಿಮೆ, ಕನಿಷ್ಠ ಕೂಲಿ, ಹೊಗೆ, ಲಂಚ ಅಂತೆಲ್ಲಾ ಇದೆ. ‘ಎಲ್ಲರೂ ಸುಮ್ನೆ ಸಹಿ ಹಾಕ್ತಾರೆ, ನೀನೂ ಹಾಕು’ ಅಂತಾರೆ ಏಜೆಂಟರು. ನಮ್ಮಂಥ ಸಣ್ಣವರಿಗೆ ಇದೆಲ್ಲ ಯಾಕೆ? ಸಹಿ ಹಾಕಲಾ, ಬೇಡವಾ?
— ಹೆಸರು ಬೇಡ ಎಂದವರು, ದಾವಣಗೆರೆ

ಉತ್ತರ: ಸುಮ್ನೆ ಮಾತ್ರ ಹಾಕಬೇಡಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಂದು ಸಲ ಓದಿಸಿ. ಈ ಸಲ ಪ್ರತಿ ಸಾಲಿಗೂ ನಿಮ್ಮ ಭಟ್ಟಿಯನ್ನು ಕಣ್ಣ ಮುಂದೆ ತಂದುಕೊಳ್ಳಿ.

ನಾನು ಹರಿಹರದ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಇಪ್ಪತ್ನಾಲ್ಕು ವರ್ಷ ಕೆಲಸ ಮಾಡಿದವಳು. ಇಂಥ ಕಾಗದಗಳನ್ನು ಕಳಿಸುವ ಕಡೆ ಕೂತಿದ್ದವಳು. ಒಮ್ಮೆ ನಮಗೆ ಸಾಮಾನು ಕೊಡುತ್ತಿದ್ದ ಸಣ್ಣ ಶೆಡ್ ಒಂದಕ್ಕೆ ತಪಾಸಣೆಗೆ ಹೋಗಿದ್ದೆ. ಹಾಜರಿ ಪುಸ್ತಕ ಕೊಟ್ಟರು. ಹೊಚ್ಚ ಹೊಸದು, ಒಂದು ಹಾಳೆಯ ಮೂಲೆಯೂ ಮಡಚಿರಲಿಲ್ಲ. ಹನ್ನೊಂದು ಹೆಂಗಸರ ಮೂರು ತಿಂಗಳ ಸಹಿ ಒಂದೇ ಪೆನ್ನಿನದು, ಒಂದೇ ಕೈಯದು. ‘ಮ’ ಅಕ್ಷರದ ಬಾಲ ಎಲ್ಲರದ್ದೂ ಒಂದೇ ಕಡೆ ತಿರುಗಿತ್ತು. ಕೂಲಿ ಸ್ವಲ್ಪ ಕಡಿಮೆ ಬೀಳುತ್ತಿದೆ ಎಂದು ಅವರೇ ಹೇಳಿದ್ದರೆ ಸರಿಮಾಡಲು ಸಮಯ ಕೊಡುತ್ತಿದ್ದೆವು. ಸುಳ್ಳು ಪುಸ್ತಕ ನೋಡಿದ ಮೇಲೆ ಮೇಲಿನವರು ಆರ್ಡರನ್ನೇ ನಿಲ್ಲಿಸಿದರು. ಕೆಲಸ ಹೋದದ್ದು ಆ ಹನ್ನೊಂದು ಹೆಂಗಸರದ್ದು. ವರದಿ ಬರೆದವಳು ನಾನು. ಅವರಿಗಾಗಿ ಇನ್ನೊಂದು ಮಾತು ಆಡಬೇಕಿತ್ತು, ಆಡಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

‘ನಮ್ಮಂಥವರಿಗೆ ಯಾಕೆ’ ಅಂದಿರಿ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿಯಿತು. 1,100ಕ್ಕೂ ಜಾಸ್ತಿ ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಬೆಳಿಗ್ಗೆ ಹೊಲಿಯುವವರನ್ನು ಒಳಗೆ ಕರೆದರು. ಅಲ್ಲಿ ಹೊಲಿದ ಬಟ್ಟೆ ಹೋಗುತ್ತಿದ್ದದ್ದು ಯೂರೋಪು, ಅಮೆರಿಕದ ಅಂಗಡಿಗಳಿಗೆ. ತಾನು ಮಾರುವ ಸರಕು ಎಲ್ಲಿ, ಯಾರ ಕೈಯಲ್ಲಿ ತಯಾರಾಗುತ್ತದೆ ಅಂತ ದೊಡ್ಡ ಕಂಪನಿಗಳನ್ನು ಜನ ಗಟ್ಟಿಯಾಗಿ ಕೇಳತೊಡಗಿದ್ದು ಅದರ ನಂತರ. ನಮ್ಮಲ್ಲೂ ಷೇರುಪೇಟೆಯ ಮೊದಲ 1,000 ಕಂಪನಿಗಳು 2022–23ರಿಂದ ಇಂಥ ವಿಷಯಗಳ ವರದಿ ಕೊಡಲೇಬೇಕು ಎಂದು ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ ನಿಯಮ ಮಾಡಿದೆ. ಆ ಪ್ರಶ್ನೆ ಮೇಲಿಂದ ಇಳಿಯುತ್ತಾ ಇಳಿಯುತ್ತಾ ನಿಮ್ಮ ಭಟ್ಟಿ ಬಾಗಿಲಿಗೆ ಬಂದಿದೆ.

ಒಂದು ವಿಷಯ ಸ್ಪಷ್ಟವಾಗಿರಲಿ. ನೀವು ಸಹಿ ಹಾಕದಿದ್ದರೂ ದೇಶದ ಕಾನೂನು ನಿಮಗೆ ಅನ್ವಯಿಸುತ್ತದೆ. ಸಹಿ ಹಾಕಿದರೆ ಅದರ ಮೇಲೆ ಇನ್ನೊಂದು ಕರಾರು ಸೇರುತ್ತದೆ. ಆಮೇಲೆ ಅವರು ಬಂದು ನೋಡಬಹುದು, ಮಾತು ತಪ್ಪಿದರೆ ವ್ಯವಹಾರ ಮುರಿಯಬಹುದು.

‘ಬಲವಂತದ ದುಡಿಮೆ’ ಅಂದಾಗ ನಿಮಗೆ ನಗು ಬಂದಿರಬಹುದು. ನಮ್ಮಲ್ಲಿ ಯಾರನ್ನು ಕಟ್ಟಿಹಾಕಿದ್ದೀವಿ ಅಂತ. ಗಲ್ಲಾಪೆಟ್ಟಿಗೆಯಲ್ಲಿರುವ ಮುಂಗಡದ ಪುಸ್ತಕ ತೆಗೆಯಿರಿ. ಮಗಳ ಮದುವೆಗೆ ಅಂತ ಮೂವತ್ತು ಸಾವಿರ ತಗೊಂಡವರು, ಆಸ್ಪತ್ರೆಗೆ ಅಂತ ಹತ್ತು ಸಾವಿರ ತಗೊಂಡವರು ಇರುತ್ತಾರೆ, ಅಲ್ವಾ? ಕಷ್ಟಕ್ಕೆ ದುಡ್ಡು ಕೊಟ್ಟದ್ದು ತಪ್ಪಲ್ಲ. ‘ಸಾಲ ತೀರೋ ತನಕ ಬೇರೆ ಕಡೆ ಹೋಗೋ ಹಾಗಿಲ್ಲ’ ಅಂದ ಗಳಿಗೆಗೆ ಅದು ಜೀತವಾಗುತ್ತದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷದವರೆಗೆ ಜೈಲಿದೆ. ಆಧಾರ್ ಕಾರ್ಡನ್ನೋ ಬ್ಯಾಂಕ್ ಪಾಸ್‌ಬುಕ್ಕನ್ನೋ ‘ಭದ್ರತೆಗೆ’ ಇಟ್ಟುಕೊಂಡಿದ್ದರೆ ಇವತ್ತೇ ವಾಪಸ್ ಕೊಡಿ. ಮುಂಗಡವನ್ನು ಬೇರೆ ಪುಸ್ತಕದಲ್ಲಿ ಬರೆಯಿರಿ. ವಾರಕ್ಕೆ ಎಷ್ಟು ಮುರಿದುಕೊಳ್ಳುತ್ತೀರಿ ಅನ್ನೋದನ್ನು ಅವರ ಎದುರಿಗೇ ಬರೆದು, ಅವರ ಕೈಗೂ ಒಂದು ಚೀಟಿ ಕೊಡಿ. ಬಿಟ್ಟು ಹೋಗುತ್ತೇನೆ ಅಂದವರನ್ನು ಹೋಗಲು ಬಿಡಿ. ಬಾಕಿ ಉಳಿದರೆ ಅದು ದುಡ್ಡಿನ ವ್ಯವಹಾರ ಮಾತ್ರ. ಅದಕ್ಕೆ ಆಳನ್ನು ಹಿಡಿದಿಡುವಂತಿಲ್ಲ.

ಕೂಲಿಯ ಮಾತೂ ಇದಕ್ಕೇ ಅಂಟಿಕೊಂಡಿದೆ. ದೆಹಲಿ ಏಷ್ಯನ್ ಕ್ರೀಡಾಕೂಟದ ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಅಂತ. ಹೊಟ್ಟೆಪಾಡಿಗೆ ಒಪ್ಪಿಕೊಂಡೆ ಅಂದರೆ ಅದು ಒಪ್ಪಿಗೆ ಅಲ್ಲ ಅಂತ. ನೀವು ಚೀಲದ ಲೆಕ್ಕದಲ್ಲಿ ಕೂಲಿ ಕೊಡುತ್ತಿದ್ದರೆ ಕೊಡಿ. ಆದರೆ ಇಡೀ ದಿನ ದುಡಿದವರಿಗೆ ಸಿಕ್ಕಿದ್ದು ಆ ದಿನದ ಕನಿಷ್ಠ ಕೂಲಿಗಿಂತ ಕಡಿಮೆ ಇರಬಾರದು. ಒಂದು ತಿಂಗಳು ಬರೆದಿಟ್ಟು ನೋಡಿ. ಹೊತ್ತು ಮೀರಿ ದುಡಿಸಿಕೊಂಡ ಗಂಟೆಗೆ ಎರಡು ಪಟ್ಟು ಕೊಡಬೇಕು.

ಒಂಬತ್ತು ಜನ ಅಂದಿರಿ. ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಶುರುವಾಗೋದು ಹತ್ತು ಜನರಿಂದ, ಪಿಎಫ್ (ಭವಿಷ್ಯ ನಿಧಿ) ಇಪ್ಪತ್ತರಿಂದ. ಅಲ್ಲಿಗೆ ‘ನಮಗೆ ಅನ್ವಯಿಸುವುದಿಲ್ಲ’ ಅಂತ ಬರೆಯಬಹುದು. ಆದರೆ ಸುಗ್ಗಿಯ ದಿನ ಕೆಲಸಕ್ಕೆ ಕರೆಸುವ ನಾಲ್ಕು ಜನರನ್ನು ಲೆಕ್ಕದಿಂದ ಬಿಟ್ಟು ಒಂಬತ್ತು ಅಂತಿದ್ದೀರಾ, ಅದು ನಿಮಗೇ ಗೊತ್ತು. ಕನಿಷ್ಠ ಕೂಲಿ, ಜೀತ, ಮಕ್ಕಳ ವಿಷಯಕ್ಕೆ ಈ ಲೆಕ್ಕವಿಲ್ಲ. ಒಬ್ಬರೇ ಇದ್ದರೂ ಅನ್ವಯಿಸುತ್ತದೆ.

ಮಕ್ಕಳ ಬಗ್ಗೆ ನನ್ನದು ಎರಡು ಮಾತಿಲ್ಲ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ 14 ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಎರಡೂ ಆಗಬಹುದು. ಸ್ಕೂಲು ಮುಗಿಸಿ ಬಂದ ನಿಮ್ಮ ಮಗ ಅಪಾಯವಿಲ್ಲದ ಕೆಲಸದಲ್ಲಿ ಕೈಜೋಡಿಸಿದರೆ ಕಾನೂನು ಬಿಡುತ್ತದೆ. ಆದರೆ ಹೆಂಗಸರ ಜೊತೆ ಬಂದ ಮಕ್ಕಳು ‘ಸುಮ್ನೆ ಕೂತಿರ್ತಾರೆ’ ಅಂತ ಶುರುವಾಗಿ, ಆಮೇಲೆ ಚೀಲ ಹಿಡಿಯೋದು, ಜರಡಿ ಆಡಿಸೋದು ಆಗುತ್ತದೆ. ಬಿಸಿ ಮರಳಿನ ಹತ್ತಿರಕ್ಕಂತೂ 18 ತುಂಬದವರನ್ನು ಬಿಡಲೇಬೇಡಿ. ಕೆಲಸಕ್ಕೆ ಸೇರಿಸುವಾಗ ವಯಸ್ಸಿನ ದಾಖಲೆ ನೋಡಿ ಒಂದು ಜೆರಾಕ್ಸ್ ಇಟ್ಟುಕೊಳ್ಳಿ, ಅಸಲು ಅವರ ಹತ್ತಿರವೇ ಇರಲಿ.

ಇನ್ನು ಹೊಗೆ. ನಿಮ್ಮ ಪತ್ರ ಬಂದ ಮೇಲೆ ಒಂದು ಬೆಳಿಗ್ಗೆ ಭಟ್ಟಿಗಳಿರುವ ಕಡೆ ಹೋಗಿ ಹತ್ತು ನಿಮಿಷ ನಿಂತು ಬಂದೆ. ಮನೆಗೆ ಬಂದು ಬಿಳಿ ಕರವಸ್ತ್ರದಲ್ಲಿ ಮುಖ ಒರೆಸಿಕೊಂಡರೆ ಮೂಗಿನ ಹತ್ತಿರದ್ದೆಲ್ಲ ಕಪ್ಪು. ಟೈರು ಸುಟ್ಟ ವಾಸನೆ ಸೀರೆಯಿಂದ ಮಧ್ಯಾಹ್ನದವರೆಗೂ ಹೋಗಲಿಲ್ಲ. ಅಲ್ಲಿ ಬೆಳಗಿನ ಜಾವದಿಂದ ನಿಲ್ಲುವವರ ಎದೆ ಏನಾಗಬೇಕು? ನಿಮ್ಮದು ಭತ್ತದ ಹೊಟ್ಟಿನ ಭಟ್ಟಿಯಾಗಿದ್ದರೆ ಒಳ್ಳೆಯದು. ಟೈರು, ರಬ್ಬರು ಹಾಕುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಕಂಪನಿ ಕೇಳದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಮಂಡಕ್ಕಿ ತಿನ್ನುವ ಪದಾರ್ಥ.

ಈಗ ಸಹಿ. ನಿಜವಾಗಿರುವ ಸಾಲಿಗೆ ‘ಹೌದು’ ಅನ್ನಿ. ಇನ್ನೂ ಆಗಿಲ್ಲದ್ದಕ್ಕೆ ಬೇರೆ ಹಾಳೆಯಲ್ಲಿ ‘ಇಷ್ಟು ಆಗಿದೆ, ಉಳಿದದ್ದು ಇಂಥ ತಾರೀಖಿನೊಳಗೆ’ ಅಂತ ಕನ್ನಡದಲ್ಲೇ ಬರೆದು ಜೊತೆಗೆ ಲಗತ್ತಿಸಿ, ಇ-ಮೇಲ್ ಮಾಡಿ. ಕೋಡಿನ ಕನ್ನಡ ಪ್ರತಿಯನ್ನೂ ಕೇಳಿ. ನೆಟ್ಟಗಿರುವ ಕಂಪನಿ ಸಮಯ ಕೊಡುತ್ತದೆ. ಮಕ್ಕಳು ಮತ್ತು ಜೀತಕ್ಕೆ ಮಾತ್ರ ಸಮಯ ಕೇಳಬೇಡಿ. ಅದು ಸಹಿಗಿಂತ ಮುಂಚೆಯೇ ನಿಲ್ಲಬೇಕು.

ಪ್ರಶ್ನೆ: ನಮ್ಮದು ಚಳ್ಳಕೆರೆಯಲ್ಲಿ ಸಣ್ಣ ಎಣ್ಣೆ ಗಾಣ. ನಾವೂ ಇಂಥ ಕೋಡಿಗೆ ಸಹಿ ಹಾಕಿದ್ದೇವೆ. ಆದರೆ ಅದೇ ಕಂಪನಿ ನಮಗೆ ದುಡ್ಡು ಕೊಡೋದು ತೊಂಬತ್ತು ದಿನಕ್ಕೆ. ನೀತಿ ನಮಗೊಂದೇನಾ?
— ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಹಮಾಲರ ಕೂಲಿ ಶನಿವಾರಕ್ಕೆ ಕೊಡಬೇಕು, ಬಿಲ್ಲು ಮಾತ್ರ ಮೂರು ತಿಂಗಳಿಗೆ ಅಂದರೆ ಕೂಲಿ ಎಲ್ಲಿಂದ ತರೋದು?

2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಬರಹದ ಕರಾರಿದ್ದರೂ 45 ದಿನ ಮೀರುವಂತಿಲ್ಲ, ಕರಾರಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳಿಗೆ ಚಕ್ರಬಡ್ಡಿ. ‘ಉದ್ಯಮ್’ ನೋಂದಣಿಯನ್ನು (ಇಂಥ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಸರಕು ಕಳಿಸುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ದುಡ್ಡು ಕೇಳಿದವರಿಗೆ ಕೊಡಬೇಡಿ. ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಿ. ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ ಈ ಗಡುವಿನಲ್ಲಿ ಕೊಡದಿದ್ದರೆ, ಕೊಡುವವರೆಗೂ ಕಂಪನಿ ಆ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ. 2023ರ ಬಜೆಟ್ಟಿನಲ್ಲಿ ಈ ನಿಯಮ ಬಂತು. ಅವರ ಅಕೌಂಟ್ಸ್ ವಿಭಾಗಕ್ಕೆ ಇದನ್ನು ನೆನಪಿಸಿ ಮರ್ಯಾದೆಯಿಂದ ಒಂದು ಪತ್ರ ಬರೆಯಿರಿ. ಆಗಲೂ ಬಗ್ಗದಿದ್ದರೆ ಇಂಥ ಬಾಕಿಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಿ.

ಪ್ರಶ್ನೆ: ನಾವು ರಟ್ಟಿನ ಡಬ್ಬ ಮಾಡಿಕೊಡುತ್ತೇವೆ. ಕೋಡಿನಲ್ಲಿ ಉಡುಗೊರೆ ಕೊಡಬಾರದು ಅಂತಿದೆ. ಖರೀದಿ ಸಾಹೇಬರು ದೀಪಾವಳಿಗೆ ಬೆಳ್ಳಿ ದೀಪ ಕೇಳಿದ್ದಾರೆ. ಏನು ಮಾಡಲಿ?
— ಓದುಗರು, ಚಿತ್ರದುರ್ಗ

ಉತ್ತರ: ಕೊಡಬೇಡಿ. ಕೋಡಿನ ಕೊನೆಯ ಪುಟಗಳಲ್ಲಿ ದೂರು ಕೊಡಲು ಸಾಮಾನ್ಯವಾಗಿ ಒಂದು ಇ-ಮೇಲ್ ವಿಳಾಸವೋ ಫೋನ್ ನಂಬರೋ ಇರುತ್ತದೆ. ಕೇಳಿದ ದಿನ, ಕೇಳಿದ ಮಾತು ಎರಡನ್ನೂ ಇದ್ದ ಹಾಗೆ ಬರೆದು ಅಲ್ಲಿಗೆ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕೇಳಿದ್ದರೆ ಅಳಿಸಬೇಡಿ. ಡಬ್ಬ ಕೊಳ್ಳುವುದು ಸರ್ಕಾರಿ ಕಂಪನಿಯಾಗಿದ್ದರೆ ಇನ್ನೂ ಹುಷಾರಾಗಿರಿ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಸಿಕ್ಕಿ ಕೊಡಬೇಕಾಗಿ ಬಂದಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು. ಆರ್ಡರ್ ಹೋಗುತ್ತದೆ ಅನ್ನೋ ಭಯ ನನಗೆ ಅರ್ಥವಾಗುತ್ತದೆ. ದೂರು ಕೊಟ್ಟ ಮೇಲೆ ಏನಾಯಿತು ಅಂತ ನನಗೂ ಬರೆಯಿರಿ, ಕಾಯುತ್ತಿರುತ್ತೇನೆ.