ಯುದ್ಧ, ಗಲಭೆ ನಡೆಯುವ ಕಡೆ ಹೋಗುವ ಪತ್ರಕರ್ತರು ಸುರಕ್ಷಿತವಾಗಿರಲು ಏನು ಮಾಡಬೇಕು?

ಹೆಲ್ಮೆಟ್, ಬುಲೆಟ್‌ಪ್ರೂಫ್ ಜಾಕೆಟ್ ಅಂತ ಎಲ್ಲರೂ ಹೇಳುತ್ತಾರೆ. ಬೇಕು, ನಿಜ. ಆದರೆ ಮೆತ್ತನೆಯ ಜಾಕೆಟ್ ಒಂದೇ ರೈಫಲ್ ಗುಂಡನ್ನು ತಡೆಯುವುದಿಲ್ಲ. ಒಳಗೆ ಗಟ್ಟಿ ಪ್ಲೇಟ್ ಇರಲೇಬೇಕು.

ನಾನು ಜಾಸ್ತಿ ಒತ್ತಿ ಹೇಳುವುದು ಪ್ರಥಮ ಚಿಕಿತ್ಸೆಯ ಬಗ್ಗೆ. 2011ರಲ್ಲಿ ಲಿಬಿಯಾದ ಮಿಸ್ರಾತಾದಲ್ಲಿ ಫೋಟೋಗ್ರಾಫರ್ ಟಿಮ್ ಹೆದರಿಂಗ್ಟನ್ ಸ್ಫೋಟದ ಚೂರು ತಗುಲಿ, ರಕ್ತ ಹರಿದು ತೀರಿಕೊಂಡರು. ಆ ಸಂಕಟದಲ್ಲೇ ಅವರ ಗೆಳೆಯ ಸೆಬಾಸ್ಟಿಯನ್ ಯುಂಗರ್ ಫ್ರೀಲಾನ್ಸ್ ಪತ್ರಕರ್ತರಿಗೆ ಪ್ರಥಮ ಚಿಕಿತ್ಸೆ ಕಲಿಸುವ ಸಂಸ್ಥೆ ಶುರು ಮಾಡಿದರು. ಕೈಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಿದ್ದರೆ ಟೂರ್ನಿಕೆ ಪಟ್ಟಿಯನ್ನು (ಬಿಗಿದು ರಕ್ತ ನಿಲ್ಲಿಸುವ, ತಿರುಗಿಸುವ ಕಡ್ಡಿ ಇರುವ ಪಟ್ಟಿ) ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ, ಕೀಲು ಬಿಟ್ಟು ಸುತ್ತಬೇಕು. ರಕ್ತ ನಿಲ್ಲುವವರೆಗೂ ಅದರ ಕಡ್ಡಿ ತಿರುಗಿಸಬೇಕು. ಗಾಯಾಳು ನೋವಿಗೆ ಕೂಗಿಕೊಳ್ಳಬಹುದು, ಸಡಿಲ ಮಾಡಬೇಡಿ. ಕಟ್ಟಿದ ಸಮಯ ಬರೆದಿಡಿ. ಆ ಪಟ್ಟಿ ಬ್ಯಾಗಿನ ತಳದಲ್ಲಿದ್ದರೆ ಸುಮ್ನೆ ಭಾರ ಅಷ್ಟೆ. ಯಾವ ಕೈಗಾದರೂ ತಕ್ಷಣ ಸಿಗುವ ಹಾಗಿರಲಿ.

ಹೊರಡುವ ಮುಂಚೆ ಸಂಪಾದಕರ ಜೊತೆ ಕರೆ ಮಾಡುವ ಸಮಯ ಗೊತ್ತು ಮಾಡಿಕೊಳ್ಳಿ. ಆರು ಗಂಟೆಗೆ ಕರೆ ಬರದಿದ್ದರೆ ಯಾರು ಯಾರಿಗೆ ಫೋನ್ ಮಾಡಬೇಕು ಅನ್ನುವುದು ಕಾಗದದಲ್ಲಿರಲಿ. ಸುದ್ದಿಮೂಲಗಳ ಹೆಸರಿರುವ ಫೋನ್ ಒಯ್ಯಬೇಡಿ. ಸಿಕ್ಕಿಬಿದ್ದರೆ ಅಪಾಯ ಅವರಿಗೂ ಅಲ್ವಾ?

ಯುದ್ಧದ ನಿಯಮಗಳನ್ನು ಹೇಳುವ ಅಂತರರಾಷ್ಟ್ರೀಯ ಒಪ್ಪಂದವಾದ 1977ರ ಜಿನೀವಾ ಮೊದಲ ಹೆಚ್ಚುವರಿ ಪ್ರೋಟೋಕಾಲ್‌ನ 79ನೇ ವಿಧಿ ಪತ್ರಕರ್ತರನ್ನು ನಾಗರಿಕರೆಂದೇ ಪರಿಗಣಿಸುತ್ತದೆ. ಆ ರಕ್ಷಣೆ ಉಳಿಯಬೇಕೆಂದರೆ ಆಯುಧ ಮುಟ್ಟಬೇಡಿ, ಸೈನಿಕರ ಬಣ್ಣದ ಬಟ್ಟೆ ಬೇಡ.

ಇನ್ನೊಂದು ಮಾತು. ಜೊತೆಗೆ ಬರುವ ಸ್ಥಳೀಯ ಡ್ರೈವರ್, ದುಭಾಷಿಗೂ ಅದೇ ಜಾಕೆಟ್, ಅದೇ ವಿಮೆ ಕೊಡಿಸಿ. ನೀವು ವಾಪಸ್ ಹೋದ ಮೇಲೂ ಅವರು ಅಲ್ಲೇ ಇರುತ್ತಾರೆ.